ಹುರಿದ ಮರಳು

ಜುಲೈ ೧೮, ಗುರುವಾರ. ಕಾಪು

ಜರ್ಬೋವಾ ಇಂದು ಕತ್ತಲಾದರೂ ಜಿಗಿಯಲಿಲ್ಲ.

ಹಿಡಿಯಷ್ಟು ಮೈ, ಕಾಂಗರೂ ಕಾಲು. "ನಾಲ್ಕು ದಿನ ನೋಡಿಕೋ" ಎಂದು ಈ ಮರುಭೂಮಿಯ ಇಲಿಯನ್ನು ಕೈಗಿಟ್ಟು ಅಣ್ಣ ಆಶ್ಲಿ ದೋಹಾಕ್ಕೆ ಹಾರಿ ಎರಡು ತಿಂಗಳಾಯಿತು. ಹಾರುವ ಗುಣ ಇಲಿಯದೋ ಅವನದೋ! ಅಂದಿನಿಂದ ಒಂದು ರಾತ್ರಿಯೂ ನಾನು ಮನೆ ಬಿಟ್ಟಿಲ್ಲ.

ಹಗಲು ನಾನು ಕಾಲೇಜಿಗೆ ಹೋದಾಗ ಪಕ್ಕದ ಮನೆಯ ಸುಭಾಷಿಣಿ ಅಕ್ಕ ನೋಡಿಕೊಳ್ಳುತ್ತಾರೆ. ಇಂದು ಬಂದು ನೋಡಿದರೆ ಗಾಜಿನ ಪೆಟ್ಟಿಗೆಯ ಮರಳೆಲ್ಲ ಒದ್ದೆ. ಪ್ರಾಣಿ ಮೂಲೆಯಲ್ಲಿ ಮುದುಡಿತ್ತು. ಎದುರಿಗೆ ಒಂದು ತುಂಡು ಬೆಲ್ಲ.

"ಎಂತ ಅಕ್ಕ ಇದು?"

"ಬಂದವರಿಗೆ ಬೆಲ್ಲ, ನೀರು ಕೊಡುವುದಲ್ವಾ ಸೋನಿಯಾ? ನೀನು ಒಂದು ದಿನ ನೀರಿಟ್ಟದ್ದು ಕಾಣೆ. ಇದು ಕುಡಿಯಲಿಲ್ಲ, ಹಾಗಾಗಿ ಮೈಗೆ ಚಿಮುಕಿಸಿದೆ, ಪಾಪ."

ತಿನ್ನುವುದರ ತೇವವೇ ಇದಕ್ಕೆ ನೀರು, ಒಣ ಮರಳೇ ಸ್ನಾನ. ಎದುರಿಗೇ ಸಮುದ್ರ, ಕಣ್ಣು ಹಾಯುವಷ್ಟು ಮರಳು. ಒಣಗಿದ್ದು ಒಂದು ಹಿಡಿ ಇಲ್ಲ. ಈ ಹಿಂಗಾಲು ನಮ್ಮ ಮಳೆಗಾಲಕ್ಕಲ್ಲ. ಕೊನೆಗೆ ಅಕ್ಕನೇ ಪೆಟ್ಟಿಗೆಯ ಮರಳನ್ನು ಬಾಣಲೆಯಲ್ಲಿ ಹುರಿದರು. "ಒಗ್ಗರಣೆ ಬೇಡ್ವಾ?" ಎಂದೆ. ಅಕ್ಕ ನಗಲಿಲ್ಲ.

"ಸತ್ತರೆ ನನ್ನಿಂದಲೇ ಅಲ್ವಾ ಮಾರಾಯ್ತಿ?"

ಆರಿದ ಮರಳಿಗೆ ಬಿಟ್ಟೆವು. ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಹೊರಳಿತು, ಮೈ ಕೊಡವಿತು, ಜಿಗಿಯಿತು. ಅಕ್ಕ ಚಪ್ಪಾಳೆ ತಟ್ಟಿದರು. ಎರಡನೆಯ ಜಿಗಿತಕ್ಕೆ ತಲೆ ಮುಚ್ಚಳಕ್ಕೆ ಬಡಿಯಿತು. ಮೂರನೆಯದಕ್ಕೂ.

ಸಂಜೆಯಿಡೀ ನಾನು ಬೇಡಿಕೊಂಡದ್ದು ಈ ಜಿಗಿತವನ್ನೇ. ಈಗಲೂ ಟಕ್, ಟಕ್ ಎಂದು ಕೇಳುತ್ತಿದೆ. ಮುಚ್ಚಳ ತೆಗೆದರೆ ಕೋಣೆ, ಕೋಣೆಯಾಚೆ ಮಳೆ, ಅದರಾಚೆ ಸಮುದ್ರ. ನಾವಿಬ್ಬರೂ ಒಳಗೇ.