ತಾಗಿತ್ತು ಎಂದವನಿಗೆ ಸೆಮಿಫೈನಲ್ ಇಲ್ಲವೇ?

ಶಿಸ್ತು ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿರುವ ಮಾನ್ಯರೇ,

ಯಾರ ಕಣ್ಣಿಗೂ ಬೀಳದ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಆಟಗಾರನೊಬ್ಬನನ್ನು ನೀವು ಮೋಸಗಾರನಿರಬಹುದೆಂದು ಹೊರಗೆ ಕೂರಿಸಿದ್ದೀರಿ. ಇಂದು ಮಧ್ಯಾಹ್ನ ನಿಮ್ಮ ಸ್ನೂಕರ್ ಚಾಂಪಿಯನ್‌ಶಿಪ್‌ನ ಸೆಮಿಫೈನಲ್. ಆಡಬೇಕಾದವನು ಹೋಟೆಲ್ ಕೋಣೆಯಲ್ಲಿ, ಇಸ್ತ್ರಿ ಮಾಡಿದ ವೇಸ್ಟ್‌ಕೋಟನ್ನು ಕುರ್ಚಿಗೆ ನೇತುಹಾಕಿ, ಅದರ ಮುಖ ನೋಡುತ್ತ ಕೂತಿದ್ದಾನೆ. ಅವನು ನನ್ನ ತಮ್ಮ. ನಾನು ಅವನಿಗೆ ಕ್ಯೂ ಕೋಲು ಹಿಡಿಯುವುದನ್ನು ಕಲಿಸಿದ ಅಕ್ಕ. ಅಪ್ಪ ಬಿಟ್ಟುಹೋದ ಮೂರು ಟೇಬಲ್ಲುಗಳ ಸ್ನೂಕರ್ ಹಾಲನ್ನು ಇಂದಿಗೂ ನಡೆಸುತ್ತಿರುವವಳು. ನಿಮ್ಮ ನೋಟಿಸಿನ ಭಾಷೆ ಬಹಳ ಘನವಾದದ್ದು, ಹಾಗಾಗಿ ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ. ಎರಡನೆಯ ಸಲ ಅರ್ಥವಾಗಿ ಮೈಯೆಲ್ಲ ಉರಿಯಿತು.

ಈ ಪತ್ರಿಕೆಯಲ್ಲಿ ಇದನ್ನು ಓದುವ, ಆಟ ಗೊತ್ತಿಲ್ಲದವರಿಗೋಸ್ಕರ ನಡೆದದ್ದನ್ನು ಹೇಳಿಬಿಡುತ್ತೇನೆ. ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲು ಹದಿಮೂರು ಫ್ರೇಮ್, ಅಂದರೆ ಹದಿಮೂರು ಬಿಡಿ ಆಟ, ಗೆದ್ದವನು ಮುಂದಕ್ಕೆ ಹೋಗುತ್ತಾನೆ. ನನ್ನ ತಮ್ಮನದು ಹನ್ನೆರಡಾಗಿತ್ತು, ಎದುರಾಳಿಯದು ಹತ್ತು. ಹದಿಮೂರನೆಯದೂ ಕೈಗೆ ಬಂದ ಹಾಗೆಯೇ ಇತ್ತು. ದೂರದ ಕೆಂಪು ಚೆಂಡಿಗೆ ಗುರಿಯಿಡಲು ಅವನು ಮೇಜಿನ ಮೇಲೆ ಉದ್ದಕ್ಕೆ ಬಾಗಿದ. ಹೊಡೆಯಲಿಲ್ಲ. ಎದ್ದು ನಿಂತು ರೆಫ್ರಿಯ ಕಡೆ ತಿರುಗಿ, "ಫೌಲ್. ನನ್ನ ವೇಸ್ಟ್‌ಕೋಟು ಪಿಂಕ್ ಚೆಂಡಿಗೆ ತಾಗ್ತು" ಅಂದ. ಮೈಮೇಲಿನ ಬಟ್ಟೆ ಯಾವ ಚೆಂಡಿಗೆ ತಾಗಿದರೂ, ಚೆಂಡು ಕದಲದಿದ್ದರೂ, ಅದು ತಪ್ಪೇ; ಅಂಕವೂ ಸರದಿಯೂ ಎದುರಾಳಿಗೆ ಹೋಗುತ್ತವೆ. ರೆಫ್ರಿ ನೋಡಿರಲಿಲ್ಲ. ಅವರು ಎದುರಾಳಿಯ ಮುಖ ನೋಡಿದರು. ಆ ಮನುಷ್ಯ ಕೂತಲ್ಲಿಂದಲೇ, "ಅವನು ತಾಗ್ತು ಅಂದ್ರೆ ತಾಗಿದೆ ಬಿಡಿ" ಅಂದ. ಈ ಆಟ ಹೀಗೆಯೇ ನಡೆದುಕೊಂಡು ಬಂದಿದೆ.

ಆ ಫ್ರೇಮು ಕೈತಪ್ಪಿತು. ಅದರ ಹಿಂದೆಯೇ ಇನ್ನೊಂದೂ ಹೋಯಿತು. ಹನ್ನೆರಡಕ್ಕೆ ಹನ್ನೆರಡು. ನಮ್ಮ ಹಾಲಿನಲ್ಲಿ ಟಿವಿ ಮುಂದೆ ಕೂತಿದ್ದ, ದಿನವೂ ಆಡಲು ಬರುವ ಪ್ಲಂಬರ್, "ನನ್ ಕೈಲಿ ನೋಡಕ್ಕಾಗಲ್ಲ ಅಕ್ಕಾ" ಅಂತ ಎದ್ದು ರಸ್ತೆಗೆ ಹೋಗಿ ನಿಂತ. ನಾನು ಚೆಂಡು ಒರೆಸುವ ಬಟ್ಟೆಯನ್ನು ಹಿಂಡುತ್ತ ಕೂತಿದ್ದೆ, ಒಣಗಿದ ಬಟ್ಟೆಯನ್ನು. ಕೊನೆಯ ಫ್ರೇಮನ್ನು ತಮ್ಮ ಗೆದ್ದ. ವರ್ಷವರ್ಷವೂ ಮೊದಲ ಸುತ್ತಿಗೋ ಎರಡನೆಯದಕ್ಕೋ ಸೋತು, ಕ್ಯೂ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಮನೆಗೆ ಬರುತ್ತಿದ್ದವನು ತಲೆಗೂದಲು ನರೆಯುವ ಹೊತ್ತಿಗೆ ಸೆಮಿಫೈನಲ್ ಮುಟ್ಟಿದ. ಆ ಸಂತೋಷ ಒಂದು ರಾತ್ರಿ ಇತ್ತು. ಮರುದಿನ ನಿಮ್ಮ ನೋಟಿಸು ಬಂತು.

ನಿಮ್ಮ ವಾದ ಎರಡೇ ಎರಡು. ಯಾವ ಕ್ಯಾಮರಾದಲ್ಲಿಯೂ ವೇಸ್ಟ್‌ಕೋಟು ಚೆಂಡಿಗೆ ತಾಗಿದ್ದು ಕಾಣುವುದಿಲ್ಲ. ಮತ್ತು, ಆ ಫ್ರೇಮನ್ನು ನನ್ನ ತಮ್ಮ ಸೋಲುತ್ತಾನೆಂದು ಎಲ್ಲೋ ಯಾರೋ ದೊಡ್ಡ ಬಾಜಿ ಕಟ್ಟಿದ್ದರು. ಆದ್ದರಿಂದ ಇಲ್ಲದ ತಪ್ಪನ್ನು ಇದೆಯೆಂದು ಹೇಳಿ ಬೇಕೆಂದೇ ಸೋತಿರಬಹುದು. ಆಹಾ, ಎಂಥ ತರ್ಕ ಸ್ವಾಮೀ. ಯಾರೋ ಮಳೆಯ ಮೇಲೆ ಬಾಜಿ ಕಟ್ಟಿದರೆ ಮೋಡಕ್ಕೂ ನೋಟಿಸು ಕೊಡುತ್ತೀರಾ? ಸೋಲಬೇಕೆಂದಿದ್ದವನಿಗೆ ಕೆಂಪು ಚೆಂಡನ್ನು ಕೂದಲೆಳೆಯಷ್ಟು ತಪ್ಪಿಸಿದ್ದರೆ ಸಾಕಿತ್ತಲ್ಲ? ಅಷ್ಟು ದೂರದ ಹೊಡೆತ ತಪ್ಪಿದರೆ ಯಾರು ಕೇಳುತ್ತಿದ್ದರು? ಚಪ್ಪಾಳೆ ತಟ್ಟಿ, ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಮೋಸ ಮಾಡುವವನು ಎಲ್ಲ ದೀಪಗಳ ಕೆಳಗೆ ಎದ್ದು ನಿಂತು, ರೆಫ್ರಿಯನ್ನು ಕರೆದು ಹೇಳಿ ಮೋಸ ಮಾಡುತ್ತಾನೆಯೇ? ಇನ್ನು ಕ್ಯಾಮರಾದ ಮಾತು. ಅವನು ಬಾಗಿದಾಗ ಎಲ್ಲ ಕ್ಯಾಮರಾಗಳಿಗೂ ಅವನ ಬೆನ್ನೋ ತೋಳೋ ಅಡ್ಡ ಬಂದಿತ್ತೆಂದು ನಿಮ್ಮ ನೋಟಿಸೇ ಒಪ್ಪುತ್ತದೆ. ಕಾಣಲಿಲ್ಲ ಎನ್ನುವುದಕ್ಕೂ ಆಗಲಿಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ತಮಗೆ ಹೇಳಿಕೊಡಬೇಕೇ?

ಇವನಿಗೆ ಈ ರೋಗ ಹೇಗೆ ಅಂಟಿಕೊಂಡಿತೆಂದು ಕೇಳಿ. ಚಿಕ್ಕವನಿದ್ದಾಗ ಒಮ್ಮೆ ತೋಳು ತಾಗಿ ಚೆಂಡು ಅಲುಗಿತು. ಏನೂ ಆಗದವನಂತೆ ಆಡುತ್ತಲೇ ಹೋದ. ನಾನು ಏನೂ ಹೇಳದೆ ಹೋಗಿ ಆ ಟೇಬಲ್ಲಿನ ಮೇಲಿನ ದೀಪ ಆರಿಸಿಬಿಟ್ಟೆ.

"ಯಾಕೇ, ದೀಪ ಹಾಕೇ" ಅಂದ.

"ನೀನು ಹೇಳು, ನಾನು ಹಾಕ್ತೀನಿ."

ಕತ್ತಲಲ್ಲಿ ಬಹಳ ಹೊತ್ತು ಮುಖ ಊದಿಸಿಕೊಂಡು ನಿಂತಿದ್ದ. ಕೊನೆಗೆ, "ತಪ್ಪಾಯ್ತು" ಅಂದ. ದೀಪ ಹಾಕಿದೆ. ಅಲ್ಲಿಂದ ಶುರುವಾಯಿತು ನೋಡಿ. ತೋಳು ತಾಗಿದರೆ ತಪ್ಪಾಯ್ತು, ಟೈ ತಾಗಿದರೆ ತಪ್ಪಾಯ್ತು, ತಾಗಿತೋ ಇಲ್ಲವೋ ಎಂದು ಅನುಮಾನ ಬಂದರೂ ತಪ್ಪಾಯ್ತು. ಹಾಲಿಗೆ ಬರುವವರೆಲ್ಲ ಅವನ ಹೆಸರು ಮರೆತು 'ತಪ್ಪಾಯ್ತು' ಎಂದೇ ಕರೆಯತೊಡಗಿದರು. "ತಪ್ಪಾಯ್ತು ಬಂದ್ನಾ? ತಪ್ಪಾಯ್ತು ಊಟ ಮಾಡಿದ್ನಾ?" ಅವನ ಹೆಂಡತಿಯೂ ಮುನಿಸಿಕೊಂಡಾಗ, "ಹಾಲಲ್ಲಿ ಎಲ್ಲರಿಗೂ ಹೇಳ್ತೀರಿ, ಮನೆಗೆ ಬಂದ್ರೆ ಆ ಮಾತೇ ಬಾಯಿಗೆ ಬರಲ್ವಲ್ಲ" ಎಂದು ಚುಚ್ಚುತ್ತಾಳೆ.

ಈಗ ಅದೇ ಹಾಲಿನ ಕಥೆ ಹೇಳುತ್ತೇನೆ. ಆಚೆಮೊನ್ನೆ ಪ್ಲಂಬರ್‌ಗೂ ಬ್ಯಾಂಕ್ ಗುಮಾಸ್ತರಿಗೂ ಆಟ ನಡೆದಿತ್ತು. ಪ್ಲಂಬರ್‌ನ ಅಂಗಿಯ ತೋಳು ನೀಲಿ ಚೆಂಡನ್ನು ಸವರಿತು. ನಾನು ನೋಡಿದೆ, ಗುಮಾಸ್ತರೂ ನೋಡಿದರು. ಅವನು ಸುಮ್ಮನೆ ಆಡಿದ.

"ಹೇಳಲ್ವೇನಯ್ಯ?" ಅಂದರು ಗುಮಾಸ್ತರು.

"ಕ್ಯಾಮರಾ ನೋಡ್ತಾ ಸಾರ್? ನಾನು ಹೇಳಿ, ಆಮೇಲೆ ನನ್ನೂ ವಿಚಾರಣೆಗೆ ಕರೆದ್ರೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಇನ್ನೊಬ್ಬ ಅದೇ ಮಾತು ಹೇಳಿದ, ನಗು ಸ್ವಲ್ಪ ಕಡಿಮೆಯಿತ್ತು. ನಿನ್ನೆ ಯಾರೂ ಏನೂ ಹೇಳಲಿಲ್ಲ, ಯಾರೂ ನಗಲೂ ಇಲ್ಲ, ಎಲ್ಲರೂ ಒಬ್ಬರ ತೋಳನ್ನು ಇನ್ನೊಬ್ಬರು ಕಾಯುತ್ತ ಆಡಿದರು. ಮಾನ್ಯರೇ, ಅಪ್ಪನ ಕಾಲದಿಂದ ಆ ಹಾಲಿನಲ್ಲಿ ರೆಫ್ರಿ ಬೇಕಾಗಿರಲಿಲ್ಲ. ಈಗ ನನಗೆ ಅಲ್ಲಿ ಕೂರಲು ಸಂಕಟವಾಗುತ್ತದೆ.

ತಾವು ದಯಾಳುಗಳು ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ನನಗೆ ಪಾಪ ಬಂದೀತು. ನನ್ನ ತಮ್ಮನಿಗೆ ಒಂದು ದಾರಿ ತೋರಿಸಿದ್ದೀರಿ. ನಿಮ್ಮ ಕಚೇರಿಯೇ ಹೇಳಿಕೆಯೊಂದನ್ನು ಬರೆದು ಕಳುಹಿಸಿದೆ. ಒತ್ತಡದಲ್ಲಿ ನನಗೆ ಗೊಂದಲವಾಯಿತು, ವಾಸ್ತವದಲ್ಲಿ ವೇಸ್ಟ್‌ಕೋಟು ಯಾವ ಚೆಂಡಿಗೂ ತಾಗಿರಲಿಲ್ಲ ಎಂದು ಅದರಲ್ಲಿದೆ. ಕೆಳಗೆ ಸಹಿ ಹಾಕಿದರೆ ಮುಗಿಯಿತು: ಒಂದು ಎಚ್ಚರಿಕೆ ಕೊಟ್ಟು ಬಿಡುತ್ತೀರಿ, ಅವನು ಇಂದು ಆಡಬಹುದು. ಅಂದರೆ, ನಿಜ ಹೇಳಿದ್ದಕ್ಕೆ ಬಂದ ಅನುಮಾನವನ್ನು ಸುಳ್ಳು ಹೇಳಿ ತೊಳೆದುಕೊಳ್ಳಬೇಕು. ಇದನ್ನು ಬರೆದವರು ಯಾರೋ, ಅವರ ಕೈಬೆರಳಿಗೆ ನಮಸ್ಕಾರ.

ಇಷ್ಟೆಲ್ಲ ಕುಹಕವಾಡುವ ನಾನು ಏನು ಮಾಡಿದೆ ಗೊತ್ತೇ? ನಿನ್ನೆ ಮಧ್ಯಾಹ್ನ ಅವನು ಫೋನ್ ಮಾಡಿ ಹೇಳಿಕೆಯನ್ನು ಓದಿ ಹೇಳಿದಾಗ, "ಹಾಕ್ಬಿಡು ಮತ್ತೆ. ಒಂದು ಸಹಿ ತಾನೇ, ನಿನ್ನ ಗಂಟೇನು ಹೋಗತ್ತೆ?" ಅಂದೆ.

ಅವನು, "ತಾಗಿತ್ತು ಅಕ್ಕಾ" ಅಂದ.

"ತಾಗಿದ್ರೆ ತಾಗ್ಲಿ ಬಿಡೋ. ಅದನ್ನ ಈಗ ಕಟ್ಕೊಂಡು ಏನಾಗ್ಬೇಕು? ಇಷ್ಟು ವರ್ಷ ಒದ್ದಾಡಿದ್ದು ಇದಕ್ಕೇ ತಾನೇ? ಇನ್ನೊಂದ್ಸಲ ಸೆಮಿಫೈನಲ್ ಬರತ್ತೆ ಅನ್ಕೊಂಡಿದೀಯಾ, ನಿನ್ನ ವಯಸ್ಸೆಷ್ಟು?"

ಅವನು ಚಿಕ್ಕಂದಿನಲ್ಲಿ ಮಾತಾಡುತ್ತಿದ್ದ ಹಾಗೆಯೇ ಮೆಲ್ಲಗೆ ಹೇಳಿದ: "ಸರಿ. ನೀನು ಹಾಕು ಅಂದ್ರೆ ಹಾಕ್ತೀನಿ. ನೀನೇ ಹೇಳು."

ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ನಿಮ್ಮ ಮೇಲೆ ನನಗಿರುವ ದೊಡ್ಡ ಸಿಟ್ಟು ಇದು ಮಾನ್ಯರೇ. ಅವನಿಗೆ ನಿಜ ಹೇಳುವುದನ್ನು ಕಲಿಸಿದ ಬಾಯಿಯಿಂದಲೇ ನೀವು ಈ ಮಾತು ಹೊರಡಿಸಿದಿರಿ. ಅವನು ಆಡಬೇಕೆಂಬ ಆಸೆ ನನಗೆ ಅಷ್ಟಿತ್ತು, ಈಗಲೂ ಇದೆ, ಅದನ್ನು ಬರೆಯುವಾಗಲೇ ಕಣ್ಣು ತುಂಬುತ್ತದೆ.

ನನ್ನ ಬೇಡಿಕೆ ಇಷ್ಟು. ಆ ಹೇಳಿಕೆಯನ್ನು ಹಿಂದಕ್ಕೆ ಪಡೆಯಿರಿ. ಬಾಜಿ ಕಟ್ಟಿದವರನ್ನು ಹುಡುಕಿ, ಅವರಿಗೂ ನನ್ನ ತಮ್ಮನಿಗೂ ಏನಾದರೂ ನಂಟಿದ್ದರೆ ತೋರಿಸಿ. ತೋರಿಸಿದ ದಿನ ನಾನೇ ಅವನ ಕ್ಯೂ ಮುರಿದು ಒಲೆಗೆ ಹಾಕುತ್ತೇನೆ. ಅಲ್ಲಿಯವರೆಗೆ, ಅವನು ಆಡಿದ ಮಾತು ಆಡಿದಂತೆಯೇ ಇರಲಿ, ಮತ್ತು ಇಂದು ಮಧ್ಯಾಹ್ನ ಅವನನ್ನು ಆಡಲು ಬಿಡಿ.

ನೀವು ಬಿಡುತ್ತೀರೆಂಬ ನಂಬಿಕೆ ನನಗಿಲ್ಲ. ಹಾಗಾಗಿ ಕೊನೆಯ ನಾಲ್ಕು ಮಾತು ನಿಮಗಲ್ಲ. ಹೋಟೆಲಿನವರು ಬಾಗಿಲಡಿ ತೂರಿಸುವ ಈ ಪೇಪರನ್ನು ಕೊನೆಯ ಕ್ರೀಡಾಪುಟದಿಂದ ಓದುವ ನನ್ನ ತಮ್ಮನಿಗೆ. ನೀನೇ ಹೇಳು ಅಂದೆಯಲ್ಲೋ, ಹೇಳ್ತಾ ಇದೀನಿ. ಸಹಿ ಹಾಕಬೇಡ. ನಿನ್ನೆ ನಾನು ಅಂದಿದ್ದು ತಪ್ಪಾಯ್ತು. ಆಡೋಕೆ ಬಿಡಲಿಲ್ಲ ಅಂದ್ರೆ ಸಂಜೆ ಬಸ್ಸಿಗೆ ಹೊರಟು ಬಾ. ನಿನ್ನ ಟೇಬಲ್ಲಿನ ದೀಪ ಹಾಕಿರ್ತೀನಿ.

ಇಂತಿ,
ತಮಗೆ ಉತ್ತರ ಬರೆಯುವ ತೊಂದರೆ ಕೊಡಲಿಚ್ಛಿಸದ,
'ತಪ್ಪಾಯ್ತು'ವಿನ ಅಕ್ಕ