ಕಮಲಂ ಸಾಕಿದ ಹದಿನಾಲ್ಕು ಕೋಳಿಗಳು

ಮೇಲ್‌ಹಟ್ಟಿ, ಗೂಡಲೂರು
11-1-2026, ಭಾನುವಾರ

ಪ್ರೀತಿಯ ಮೊಮ್ಮಗಳು ಕಲೈಸೆಲ್ವಿಗೆ, ನಿನ್ನ ತಾತ ನಂಜುಂಡನ್ ಇಲ್ಲಿಂದಲೇ ತಲೆ ಮುಟ್ಟಿ ಹರಸಿ ಬರೆಯುವುದು.

ಹೇಗಿದ್ದೀಯಮ್ಮಾ? ಪುಣೆಯಲ್ಲಿ ಚಳಿ ಜೋರೇ? ನಿನ್ನ ಹೆತ್ತೆ ಕಮಲಂ ತನ್ನ ಅಜ್ಜಿಗಣ್ಣಿನಲ್ಲೇ ಹೆಣೆದು ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟು ಪೂಜೆ ಮಾಡಬೇಡ, ಹಾಕಿಕೋ. ದಿನವಿಡೀ ಕಂಪ್ಯೂಟರ್ ನೋಡಿ ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲ ಬಿಸ್ಕತ್ತಿನಲ್ಲೇ ದಿನ ತಳ್ಳುತ್ತೀಯೋ? ನಾನು ಇಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ಫೋನು ಬಿಟ್ಟು ಪತ್ರ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಪ್ರಶ್ನೆ ಕೇಳುತ್ತೀಯ. ಪತ್ರದಲ್ಲಾದರೆ ನಿನ್ನ ಬಾಯಿಗೆ ಬೀಗ.

ನೀನು ಅಲ್ಲಿ ವೈರಸ್ ಸಂಸ್ಥೆಯಲ್ಲಿ ಕೂತಲ್ಲೇ ವಾರವಾರವೂ ಪ್ರಪಂಚದ ಜ್ವರವನ್ನೆಲ್ಲ ಲೆಕ್ಕ ಹಾಕುವವಳು. ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಿಗೆ ಹಕ್ಕಿಜ್ವರ ಬಂದದ್ದು, ಕಾಂಬೋಡಿಯಾದಲ್ಲಿ ಹಿತ್ತಲ ಕೋಳಿಯಿಂದ ಮಕ್ಕಳಿಗೆ ತಗುಲಿದ್ದು, ದಕ್ಷಿಣ ಅಮೆರಿಕದ ಕಡಲದಂಡೆಯಲ್ಲಿ ಸೀಲ್‌ಗಳು ರಾಶಿ ರಾಶಿ ಸತ್ತದ್ದು, ಎಲ್ಲವನ್ನೂ ನಾನು ಮೊದಲು ಕೇಳಿದ್ದು ನಿನ್ನ ಬಾಯಿಂದ. ನೀನೇ ಒಮ್ಮೆ ಹೇಳಿದ್ದೆ, ‘ತಾತಾ, ಒಂದು ಊರಿಂದ ಸೊನ್ನೆ ಅಂತ ಬಂದರೆ ನನಗೆ ಖುಷಿ ಆಗಲ್ಲ, ಭಯ ಆಗುತ್ತೆ. ಅಲ್ಲಿ ರೋಗ ಇಲ್ಲವೋ, ಹೇಳೋರು ಇಲ್ಲವೋ?’ ಆ ಮಾತು ಕೇಳಿ ನಾನು ಎದೆಯುಬ್ಬಿಸಿಕೊಂಡು ಹಟ್ಟಿಯೆಲ್ಲ ಸುತ್ತಿದ್ದೆ. ಯಾಕೆಂದರೆ ಪಶು ಇಲಾಖೆಯಲ್ಲಿ ಮೂವತ್ತೊಂದು ವರ್ಷ ನಾನು ಹೇಳಿಕೊಂಡು ಬಂದದ್ದೂ ಅದನ್ನೇ. ಕೇರಳದಲ್ಲಿ ಬಾತುಕೋಳಿ ಸತ್ತ ಸುದ್ದಿ ಬಂದಾಗಲೆಲ್ಲ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತು ಲಾರಿ ಚಕ್ರಗಳಿಗೆ ಔಷಧಿ ಹೊಡೆಸಿದವನು ನಾನು. ಕೋಳಿ ಸತ್ತರೆ ಮುಚ್ಚಿಡಬೇಡಿ, ಹೇಳಿ ಎಂದು ಮನೆ ಮನೆಗೆ ಹೋಗಿ ಕೂಗಿದವನೂ ನಾನೇ. ಅದೆಲ್ಲ ಬೇರೆಯವರ ಮನೆಯ ಕೋಳಿ, ಬಿಡು. ಈ ಸಲ ಸರದಿ ನಮ್ಮ ಹಿತ್ತಲಿಗೇ ಬಂತು.

ನಿನ್ನ ಹೆತ್ತೆಯ ಕೋಳಿಗಳ ಕಥೆ ನಿನಗೆ ಗೊತ್ತೇ ಇದೆ. ಮೂರು ವರ್ಷದ ಹಿಂದೆ ಚೇರಂಬಾಡಿ ಸಂತೆಯಿಂದ ಒಂದೇ ಒಂದು ಹೇಟೆ ತಂದಳು. ಮದುಮಗಳ ತಲೆ ಮುಟ್ಟಿ ಹಿರಿಯರು ಹರಸುವ ಹಾಗೆ ಆ ಕೋಳಿಯ ತಲೆ ಮುಟ್ಟಿ ‘ಒಂದು ಒಂಬತ್ತಾಗಲಿ’ ಎಂದು ಹರಸಿದಳು. ನಾನು ಬಿದ್ದು ಬಿದ್ದು ನಕ್ಕೆ. ಹರಕೆ ಫಲಿಸಿತು ನೋಡು, ಒಂಬತ್ತಲ್ಲ, ಹದಿನಾಲ್ಕಾಯಿತು! ಅವಕ್ಕೆ ಮೊಳಕೆ ರಾಗಿ, ಕೊಚ್ಚಿದ ಸೊಪ್ಪು, ಮಂಜು ಬಿದ್ದ ದಿನ ಗೂಡಿಗೆ ಗೋಣಿಚೀಲದ ಹೊದಿಕೆ. ನನಗೆ ಅಷ್ಟು ಉಪಚಾರ ಎಂದೂ ಸಿಕ್ಕಿಲ್ಲ.

ಹೋದ ಶುಕ್ರವಾರಕ್ಕೆ ಹಿಂದಿನ ಶುಕ್ರವಾರ ಒಂದು ಸತ್ತಿತು. ಶನಿವಾರ ಎರಡು, ಮೂರನ್ನೂ ಹಿತ್ತಲ ಗುಂಡಿಗೆ ಹಾಕಿದ್ದಾಯಿತು. ಭಾನುವಾರ ನಾನು ಟೀ ಫ್ಯಾಕ್ಟರಿಗೆ ಎಲೆ ಹಾಕಿ ಬರುವಷ್ಟರಲ್ಲಿ ಅಡಿಗೆಮನೆಯಿಂದ ಮೆಣಸಿನ ಘಮಘಮ. ನಾಲ್ಕನೆಯದು ತೂಕಡಿಸಲು ಶುರುಮಾಡಿತ್ತಂತೆ. ನಮ್ಮವರ ರೂಢಿ ನಿನಗೆ ತಿಳಿಯದ್ದೇ? ತೂಕಡಿಸುವ ಕೋಳಿಯನ್ನು ಸಾಯಲು ಬಿಟ್ಟರೆ ದಂಡ, ಸಾಯುವ ಮೊದಲೇ ಕೊಯ್ದು ಸಾರು ಮಾಡಿ ಅಕ್ಕಪಕ್ಕದ ಮನೆಗೂ ಒಂದೊಂದು ಬಟ್ಟಲು ಕೊಡುವುದು. ಪಕ್ಕದ ಮನೆ ಚಿನ್ನಿ ಆಗಲೇ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು! ಬಟ್ಟೆ ಸುತ್ತಿ ಸಾರಿನ ಸಟ್ಟಿಯನ್ನು ಒಲೆಯಿಂದ ಎತ್ತಿದವನೇ ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದೆ. ಗರಿ, ಕರುಳು, ಎಲ್ಲವನ್ನೂ ಬರಿಗೈಯಲ್ಲೇ ಬಾಚಿ ಹಾಕಿ ಮೇಲೆ ಸುಣ್ಣ ಸುರಿದೆ. ‘ಎನ್ನ ಕೋಳಿ, ಎನ್ನ ಸಟ್ಟಿ, ನಿನಗ ಏನ?’ ಎಂದು ನಿನ್ನ ಹೆತ್ತೆ ಕೂಗಿದ್ದು ಕೆಳಗಿನ ಕೇರಿಗೂ ಕೇಳಿಸಿತು. ಚಿನ್ನಿ ಖಾಲಿ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು, ಪಾಪ.

ಕಲೈ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಆಮೇಲೆ ಫೋನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಜಗಲಿಯಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದೆ. ಹಕ್ಕಿಜ್ವರವೇ ಹೌದಾದರೆ ನಮ್ಮ ಹತ್ತು ಕೋಳಿ ಮಾತ್ರ ಹೋಗುವುದಿಲ್ಲ, ಸುತ್ತ ಒಂದು ಕಿಲೋಮೀಟರಿನಲ್ಲಿ ರೆಕ್ಕೆ ಇರುವುದನ್ನೆಲ್ಲ ಕೊಲ್ಲುತ್ತಾರೆ. ಇಡೀ ಹಟ್ಟಿಯ ಕೋಳಿ! ಆ ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಂಡಿಯ ಮೇಲೆ ಇನ್ನೆರಡು ಗುದ್ದಲಿ ಮಣ್ಣು ಎಳೆದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು. ಆಮೇಲೆ ನಿನ್ನ ಸೊನ್ನೆಯ ಮಾತು ನೆನಪಾಯಿತು. ಪಶು ಆಸ್ಪತ್ರೆಯ ಡಾಕ್ಟರ್ ಸೆಲ್ವಕುಮಾರ್‌ಗೆ ಫೋನು ಮಾಡಿಯೇಬಿಟ್ಟೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಸುವಿಗೆ ಸೂಜಿ ಹಾಕಲು ನಾನೇ ಕೈ ಹಿಡಿದು ಕಲಿಸಿದ ಹುಡುಗ ಆತ. ‘ಸಾರ್, ಉಂಗ ವೀಟ್ಲಯಾ?’ ನಿಮ್ಮ ಮನೆಯಲ್ಲೇನಾ ಎಂದು ತಮಿಳಿನಲ್ಲಿ ಎರಡು ಸಲ ಕೇಳಿದ.

ಸೋಮವಾರ ಬೆಳಿಗ್ಗೆ ಬಿಳಿ ಅಂಗಿ, ಕನ್ನಡಕ, ಗವಸು ತೊಟ್ಟು ನಾಲ್ಕು ಜನ ಬಂದರು. ಸತ್ತ ಕೋಳಿಗಳನ್ನು ಅಗೆದು ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಗೆ ಭೋಪಾಲಿಗೆ ಕಳಿಸಿದರು. ಹಟ್ಟಿಯಲ್ಲಿ ಯಾರೂ ಕೋಳಿ ಮಾರುವಂತಿಲ್ಲ, ಕೊಯ್ಯುವಂತಿಲ್ಲ ಎಂದು ಹೇಳಿ ಹೋದರು. ನಮ್ಮ ಮನೆಯವರಿಗೆ ಜ್ವರ, ಕೆಮ್ಮು ಉಂಟೇ ಎಂದು ನರ್ಸಮ್ಮ ದಿನಾ ಬಂದು ಕೇಳತೊಡಗಿದಳು. ಅಲ್ಲಿಂದ ಐದು ದಿನ ನನ್ನನ್ನು ಕಂಡವರೆಲ್ಲ ಮುಖ ತಿರುಗಿಸಿದರು. ‘ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ, ಇವ ಎರಡಕ್ಕೂ ಮಾರಿ’ ಎಂದು ಕೆಳಗಿನ ಕೇರಿಯ ಕಣ್ಣನ್ ನನಗೆ ಕೇಳುವ ಹಾಗೆಯೇ ಹೇಳಿದ. ಅವನ ಮನೆಯಲ್ಲಿ ಮೂವತ್ತು ಕೋಳಿ ಇವೆ, ಅವನ ಸಂಕಟ ಅವನಿಗೆ. ನಾನು ಮಾತ್ರ ತಲೆ ತಗ್ಗಿಸಲಿಲ್ಲ.

ಶುಕ್ರವಾರ ಮಧ್ಯಾಹ್ನ ಸೆಲ್ವಕುಮಾರನ ಫೋನು ಬಂತು. ಹಕ್ಕಿಜ್ವರ ಅಲ್ಲ! ರಾಣಿಖೇತ್, ಅದೇ ನಮ್ಮವರು ಹೇಳುವ ಬಿಳಿ ಭೇದಿ. ಮನುಷ್ಯರಿಗೆ ಅದರ ಭಯವಿಲ್ಲ, ಯಾವ ಕೋಳಿಯನ್ನೂ ಕೊಲ್ಲಬೇಕಾಗಿಲ್ಲ. ನಿನ್ನೆ ಅವರೇ ಬಂದು ಹಟ್ಟಿಯ ಕೋಳಿಗೆಲ್ಲ ಲಸಿಕೆ ಹಾಕಿದರು. ಕಣ್ಣನ್ ತನ್ನ ಕೋಳಿಗಳನ್ನು ಒಂದೊಂದಾಗಿ ಕಂಕುಳಲ್ಲಿ ಇಟ್ಟುಕೊಂಡು ಬಂದು ಸಾಲಿನಲ್ಲಿ ಮೊದಲು ನಿಂತಿದ್ದನಂತೆ. ಹೇಳದೆ ಇದ್ದಿದ್ದರೆ ಈ ಹೊತ್ತಿಗೆ ಆ ರೋಗವೇ ಅರ್ಧ ಹಟ್ಟಿಯ ಕೋಳಿಯನ್ನು ತಿಂದು ಮುಗಿಸುತ್ತಿತ್ತು. ನಾನು ಗೆದ್ದೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ನಿನ್ನ ಹೆತ್ತೆಯ ಸಿಟ್ಟು ಮಾತ್ರ ಇಳಿದಿಲ್ಲ. ನಾನು ಎಲೆಚೀಲ ಇಡುವ ಕೊನೆಯ ಕೋಣೆಗೆ ಬಿದ್ದಿದ್ದೇನೆ. ತಟ್ಟೆಯನ್ನು ಕಿಟಕಿಯ ಮೇಲೆ ಇಟ್ಟು ದೂರ ಸರಿದು ನಿಲ್ಲುತ್ತಾಳೆ, ನಾನು ತಿಂದ ತಟ್ಟೆಯನ್ನು ಬೇರೆಯೇ ತೊಳೆಯುತ್ತಾಳೆ. ಐವತ್ತು ವರ್ಷ ಸಂಸಾರ ಮಾಡಿದವನಿಗೆ ಈ ಮರ್ಯಾದೆ! ಇರಲಿ, ಒಂದು ಸಟ್ಟಿ ಸಾರಿನ ಸಿಟ್ಟು ಎಷ್ಟು ದಿನ ಇದ್ದೀತು? ನೀನು ಬೇಸಿಗೆಗೆ ಬರುವಷ್ಟರಲ್ಲಿ ಉಳಿದ ಹತ್ತು ಕೋಳಿಗಳು ಮರಿ ಮಾಡಿ ಹಿತ್ತಲು ತುಂಬುತ್ತವೆ. ಬಾ, ಬಂದು ಎಣಿಸು. ನಿನ್ನ ಜೊತೆಯಲ್ಲಿ ಕೆಲಸ ಮಾಡುವ ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ಆಯುಸ್ಸು, ಆರೋಗ್ಯ, ಮಾಡುವ ಕೆಲಸಕ್ಕೆ ಹೆಸರು ಎಲ್ಲವೂ ನಿನಗೆ ಕೂಡಿ ಬರಲಿ.

ಇಂತಿ ನಿನ್ನ ತಾತ,
ನಂಜುಂಡನ್

ಮರೆತಿದ್ದೆ: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ನಿನ್ನ ಹೆತ್ತೆ ಕಿಟಕಿಯ ಹೊರಗೆ ಮಣೆ ಹಾಕಿಕೊಂಡು ಕೂತು, ‘ಬರೆದೆಯಾ? ಓದು, ಕೇಳುವೆ’ ಎಂದು ಓದಿಸಿದಳು. ಓದಿ ಮುಗಿದ ಮೇಲೆ ‘ಅಕ್ಕಾ, ನಡುವಿನ ಕಥೆ ಎಲ್ಲಿ?’ ಎಂದು ಜೊತೆಗಿದ್ದ ಚಿನ್ನಿ ಹೆತ್ತೆಯನ್ನು ಕೇಳಿದಳು. ಆದ್ದರಿಂದ ಬರೆಯುತ್ತಿದ್ದೇನೆ. ಮಂಗಳವಾರ ಸಂಜೆಯೇ ನನಗೆ ಜ್ವರ ಬಂದಿತ್ತು. ನರ್ಸಮ್ಮ ಕೇಳಿದಾಗಲೆಲ್ಲ ‘ಇಲ್ಲವಮ್ಮಾ, ಏನೂ ಇಲ್ಲ’ ಎಂದೆ. ಮೆಣಸಿನ ಕಷಾಯ ಕುಡಿದು, ಶಾಲು ಬಾಯಿಗೆ ತುರುಕಿಕೊಂಡು ಕೆಮ್ಮಿದೆ. ಹೆದರಿಕೆ, ಕಲೈ. ಕೋಳಿಯ ರೋಗ ನನಗೇ ತಗುಲಿದ್ದರೆ ಹಟ್ಟಿಯವರ ಮುಖ ಹೇಗೆ ನೋಡಲಿ ಎಂಬ ಹೆದರಿಕೆ. ಊರಿಗೆಲ್ಲ ಶಾಸ್ತ್ರ ಹೇಳಿದವನು ನನ್ನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡೆ. ಗುರುವಾರ ಬೆಳಿಗ್ಗೆ ನಿನ್ನ ಹೆತ್ತೆ ನನಗೆ ಒಂದು ಮಾತೂ ಹೇಳದೆ ನರ್ಸಮ್ಮನ ಮನೆಗೆ ನಡೆದು ಹೋಗಿ, ‘ಎನ್ನ ಕೋಳಿಯ ಇವ ಹೇಳಿದ, ಇವನ ಕೆಮ್ಮ ನಾ ಹೇಳುವೆ’ ಎಂದು ನನ್ನನ್ನು ಒಪ್ಪಿಸಿ ಬಂದಳು. ಗಂಟಲಿಗೆ ಕಡ್ಡಿ ಹಾಕಿ ಮಾದರಿ ತೆಗೆದುಕೊಂಡು ಹೋದರು. ನಿನ್ನೆ ಫಲಿತಾಂಶ ಬಂತು. ಹಕ್ಕಿಯದಲ್ಲ, ಪ್ರತಿ ಚಳಿಗಾಲಕ್ಕೆ ಬರುವ ಇನ್‌ಫ್ಲುಯೆಂಜಾ. ಲಸಿಕೆ ಹಾಕಿಸಿಕೋ ಎಂದು ಅಕ್ಟೋಬರಿನಲ್ಲಿ ನೀನು ಮೂರು ಸಲ ಹೇಳಿದ್ದೆಯಲ್ಲ, ‘ಸೂಜಿ ಹಾಕುವವನಿಗೇ ಸೂಜಿಯೇ’ ಎಂದು ನಾನು ನಗೆಯಾಡಿದ್ದೆನಲ್ಲ, ಅದೇ. ಫೋನು ಮಾಡದಿದ್ದದ್ದೂ ಈ ಗಂಟಲಿಗಾಗಿಯೇ. ಈಗ ಜ್ವರ ಬಿಟ್ಟಿದೆ, ಇನ್ನೊಂದು ದಿನದ ಮಾತ್ರೆ ಬಾಕಿ. ಹೆತ್ತೆಯ ಸಿಟ್ಟಿಗೆ ಈ ಕೋಣೆಗೆ ಬಿದ್ದೆ ಎಂದು ಮೇಲೆ ಬರೆದದ್ದು ಶುದ್ಧ ಸುಳ್ಳು, ಕೋಣೆಯೂ ಬೇರೆ ತಟ್ಟೆಯೂ ಈ ಜ್ವರಕ್ಕೆ. ಮೂರು ದಿನದಿಂದ ಆ ಕಿಟಕಿ ಬಿಟ್ಟು ಕದಲಿಲ್ಲ ಅವಳು.

ಈ ವಾರ ತಮಿಳುನಾಡಿನ ಸಾಲಿನಲ್ಲಿ ನೀನು ಬರೆಯುವ ಸಂಖ್ಯೆಯಲ್ಲಿ ಒಂದು ನಾನು. ಕೈಬಿಡದೆ ಸೇರಿಸು. ನಮ್ಮ ಹರಕೆಯನ್ನು ಮಾತ್ರ ಅದರ ಮೇಲೆ ಹಾಕಬೇಡಮ್ಮಾ. ಈ ಒಂದು ಒಂಬತ್ತಾಗುವುದು ಬೇಡ, ಒಂದಾಗಿಯೇ ಇರಲಿ ಎಂದು ನಿನ್ನ ಹೆತ್ತೆ ಹೇಳಿ ಬರೆಸುತ್ತಿದ್ದಾಳೆ.