ಮೂರು ಉದ್ದ, ಎರಡು ಗಿಡ್ಡ

'ಹೆರನ್' ಹಡಗಿನ ಅಡುಗೆಮನೆ,
ಹ್ಯೂರನ್ ಸರೋವರದ ನಡುವೆ,
ಜುಲೈ 19, 1994

ಮಾತಿಗೆ ಬರ ಬಂದಿರುವ ನನ್ನ ವರ್ನನ್‌ಗೆ,

ಮೊದಲು ಚೆನ್ನಾಗಿ ಬೈಯಬೇಕೆಂದೇ ಪೆನ್ನು ಹಿಡಿದು ಕೂತೆ. ಈ ಕೈಗೆ ಬುದ್ಧಿಯಿಲ್ಲ, ಅಭ್ಯಾಸಬಲದಿಂದ ನಿನ್ನ ಮೊಣಕಾಲಿನ ನೋವು ಹೇಗಿದೆ ಎಂದು ಕೇಳಲು ಹೊರಟಿದೆ. ಹೇಗಿದೆ? ಹಡಗಿನ ಚುಕ್ಕಾಣಿ ಹಿಡಿದು ಗಂಟೆಗಟ್ಟಲೆ ನಿಲ್ಲುವವನು ಒಂದು ಕುರ್ಚಿ ಕೇಳಿದರೆ ಯಾರೂ ನಗುವುದಿಲ್ಲ. ಇರಲಿ, ನೀನು ಕೇಳುವವನಲ್ಲ.

ನಾಳೆ ಬೆಳಿಗ್ಗೆ ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ನಮ್ಮ ಪಕ್ಕಕ್ಕೆ ಬಂದಾಗ ಈ ಕಾಗದವನ್ನು ಬಕೆಟ್ಟಿಗೆ ಹಾಕಿ ಇಳಿಸುತ್ತೇನೆ. ನಿನ್ನ 'ಪ್ರೆಂಟಿಸ್' ಹಡಗು ಅದಿರು ತುಂಬಿಕೊಂಡು ಆ ದಾರಿಯಾಗಿ ಬಂದಾಗ ಅದು ನಿನಗೆ ಸಿಗುತ್ತದೆ. ಜೂನ್‌ನಲ್ಲಿ ನಾನು ಬರೆದದ್ದೂ ಹಾಗೆಯೇ ಸಿಕ್ಕಿರಬೇಕು. ಅದಕ್ಕೆ ನೀನು ನಿನ್ನೆ ಉತ್ತರ ಕೊಟ್ಟೆಯೋ ಇಲ್ಲವೋ ಎನ್ನುವುದು ತಿಳಿಯದೆ ನನ್ನ ತಲೆ ಕೆಟ್ಟುಹೋಗಿದೆ.

ಆ ಕಾಗದವನ್ನು ನೀನು ಓದದೆ ಜೇಬಿಗೆ ತುರುಕಿಕೊಂಡಿದ್ದರೂ ಇರಬಹುದು, ಆದ್ದರಿಂದ ಇನ್ನೊಮ್ಮೆ ಬರೆಯುತ್ತೇನೆ. ನಮ್ಮ ಇದ್ದೊಬ್ಬ ಮಗ ಡೇಲ್ ಹೋಗಿ ಎರಡು ಚಳಿಗಾಲ ಕಳೆಯಿತು. ಹಗ್ಗದ ಕುರ್ಚಿಯಲ್ಲಿ ಕೂತು ಹಡಗಿನಿಂದ ದಡಕ್ಕೆ ತೂಗಿಕೊಂಡು ಇಳಿಯುವ ಕೆಲಸವನ್ನು ನೀನೂ ಆ ವಯಸ್ಸಿನಲ್ಲಿ ಮಾಡಿದ್ದೆ, ನಿನಗೆ ಏನೂ ಆಗಲಿಲ್ಲ. ಅವನು ಹಡಗಿಗೂ ದಡದ ಗೋಡೆಗೂ ನಡುವೆ ಬಿದ್ದ. ಅದಾದ ಮೇಲೆ ನೀನು ಮನೆಯಲ್ಲಿ ಉಳಿಯಲೇ ಇಲ್ಲ. ಸರೋವರ ಹೆಪ್ಪುಗಟ್ಟಿ, ಹಡಗುಗಳೆಲ್ಲ ದಡ ಸೇರಿ, ನಮ್ಮೂರು ಹ್ಯಾನ್‌ಕಾಕ್‌ನ ಬೇರೆ ಹೆಂಗಸರ ಗಂಡಂದಿರು ಚೀಲ ಹೊತ್ತು ಮನೆಗೆ ಬಂದರು. ನನ್ನ ಗಂಡ ಮಾತ್ರ ಟೊಲೀಡೋ ಬಂದರಿನಲ್ಲಿ ಖಾಲಿ ಹಡಗಿಗೆ ಕಾವಲು ಕೂತ. ಅಷ್ಟು ದೊಡ್ಡ ಕಬ್ಬಿಣದ ಡಬ್ಬಿಯನ್ನು ಯಾರು ಕದ್ದುಕೊಂಡು ಹೋಗುತ್ತಿದ್ದರು ವರ್ನನ್? ನಿನಗೆ ನೋವಿದೆ, ಒಪ್ಪಿದೆ. ನನಗೇನು ಹಬ್ಬವೇ? ಅವನ ಕೋಣೆಯ ಬಾಗಿಲು ತೆಗೆಯುವವಳೂ ನಾನೇ, ಮುಚ್ಚುವವಳೂ ನಾನೇ.

ಅದಕ್ಕೇ ಈ ಬೇಸಿಗೆ ಆ ಮನೆಯಲ್ಲಿ ಕೂರಲಾಗದೆ ಈ ಪ್ರವಾಸಿ ಹಡಗಿನಲ್ಲಿ ಬ್ರೆಡ್ಡು, ಬನ್ನು ಸುಡುವ ಕೆಲಸಕ್ಕೆ ಸೇರಿದೆ. ಚಿಕ್ಕ ಹಡಗು, ಪ್ರವಾಸಿಗಳೆಲ್ಲ ನಿವೃತ್ತ ಡಾಕ್ಟರುಗಳು, ಮೇಷ್ಟ್ರುಗಳು. ಸರೋವರವೆಂದರೆ ತಮ್ಮೂರಿನ ಬಾತುಕೋಳಿಯ ಕೊಳ ಎಂದುಕೊಂಡು ಬಂದವರು ಸುಪೀರಿಯರ್ ಸರೋವರದ ಅಲೆಗೆ ಸಿಕ್ಕಿ ಹೊಟ್ಟೆ ಹಿಡಿದುಕೊಂಡು ಮಲಗಿದರು. ಕೆಲಸ ಸಿಕ್ಕಿತೆಂದು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಈ ಹಡಗು ಹೋಗುವ ದಾರಿಯೂ ನಿನ್ನ ಹಡಗಿನ ದಾರಿಯೂ ಒಂದೇ, ಅದಕ್ಕೆ ಬಂದೆ.

ಸೇಂಟ್ ಮೇರೀಸ್ ನದಿಯಲ್ಲಿ ಎರಡೂ ಎದುರಾಗುವ ದಿನವನ್ನು ಲೆಕ್ಕ ಹಾಕಿ ನಿನಗೆ ಬರೆದಿದ್ದೆ. ಮಾತು ಬಾರದಿದ್ದರೆ ಬೇಡ, ನಿನ್ನ ಕ್ಯಾಪ್ಟನ್ನನಿಗೆ ಹೇಳಿ ಹಾರ್ನ್ ಹೊಡೆಸು, ಮೂರು ಉದ್ದ, ಎರಡು ಗಿಡ್ಡ. ಕೇಳಿಸಿದರೆ ಈ ಚಳಿಗಾಲ ನೀನು ಮನೆಗೆ ಬರುತ್ತೀಯ ಎಂದುಕೊಳ್ಳುತ್ತೇನೆ. ಕೇಳಿಸದಿದ್ದರೆ ಮನೆ ಮಾರಿ ಥಂಡರ್ ಬೇಯಲ್ಲಿರುವ ನನ್ನ ತಂಗಿಯ ಹತ್ತಿರ ಹೋಗುತ್ತೇನೆ. ಇಷ್ಟೇ ಬರೆದದ್ದು.

ನಿನ್ನೆ ಮಧ್ಯಾಹ್ನ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಜೊತೆಗೆ ಪಾತ್ರೆ ತೊಳೆಯುವ ಬರ್ನಡೆಟ್ ಇದ್ದಳು, ಮಾನಿಟೂಲಿನ್ ದ್ವೀಪದವಳು, ಬಾಯಿ ಮುಚ್ಚಿದವಳಲ್ಲ. ಇದ್ದಕ್ಕಿದ್ದಂತೆ ಹಾರ್ನ್ ಮೊಳಗಿತು. ಮೂರು ಉದ್ದ, ಎರಡು ಗಿಡ್ಡ. ಕೈಯ ಹಿಟ್ಟನ್ನೂ ಒರೆಸದೆ ಮೇಲಕ್ಕೆ ಓಡಿದೆ. ನಿನ್ನ ಹಡಗು ನಮ್ಮನ್ನು ದಾಟಿ ಹೋಗುತ್ತಲೇ ಇತ್ತು, ಎಷ್ಟು ಉದ್ದ ಅದು, ಮುಗಿಯುವುದೇ ಇಲ್ಲ. ಚುಕ್ಕಾಣಿ ಕೋಣೆಯ ಗಾಜಿನ ಮೇಲೆ ಬಿಸಿಲು ಬಿದ್ದು ಒಳಗೆ ಯಾರೂ ಕಾಣಲಿಲ್ಲ. ಕಾಣದಿದ್ದರೂ ಕೈ ಬೀಸಿದೆ. ಅಷ್ಟು ಜನ ಪ್ರವಾಸಿಗಳ ನಡುವೆ ನಿಂತು ಜೋರಾಗಿ ಅತ್ತೆ. ಯಾರೋ ಅಜ್ಜಿ ನನಗೆ ಕರವಸ್ತ್ರ ಕೊಟ್ಟಳು.

ಕೆಳಗೆ ಬಂದು ಬರ್ನಡೆಟ್‌ಗೆ ಎಲ್ಲ ಹೇಳಿಬಿಟ್ಟೆ. ಅವಳು ತಟ್ಟೆ ಒರೆಸುತ್ತ, "ಹಾರ್ನ್ ಹೊಡೆದಿದ್ದಕ್ಕೆ ಇಷ್ಟು ಅಳ್ತೀಯಲ್ಲ ಮಾರಾಯ್ತಿ, ನನ್ನ ಗಂಡ ದಿನಾ ರಾತ್ರಿ ಕುಡಿದು ಬಂದು ಬಾಗಿಲ ಮುಂದೆ ಟ್ರಕ್ಕಿನ ಹಾರ್ನ್ ಹೊಡೀತಿದ್ದ, ನಾನು ಪೊಲೀಸ್ ಕರೀತಿದ್ದೆ" ಎಂದಳು. ಎಷ್ಟು ದಿನವಾಗಿತ್ತೋ ನಾನು ಹಾಗೆ ನಕ್ಕು. ಆ ಸಂಜೆ ಬ್ರೆಡ್ಡು ಹೂವಿನಂತೆ ಉಬ್ಬಿ ಬಂತು. ಮನೆಗೆ ಹೋಗಿ ಮೊದಲು ಹಬೆಸ್ನಾನದ ಸೌನಾ ಕೋಣೆಯ ಒಲೆ ರಿಪೇರಿ ಮಾಡಿಸಬೇಕು ಎಂದೆಲ್ಲ ಲೆಕ್ಕ ಹಾಕಿದೆ.

ಊಟ ಮುಗಿದ ಮೇಲೆ ನಮ್ಮ ಕ್ಯಾಪ್ಟನ್ ಪೆಲ್ಟಿಯೆ ಕಾಫಿಗೆ ಬಂದ. ಒಳ್ಳೆಯ ಮನುಷ್ಯ, ಬಿಸಿ ಬ್ರೆಡ್ಡಿನ ತುದಿಯನ್ನು ಕೇಳದೆಯೇ ಮುರಿದುಕೊಳ್ಳುತ್ತಾನೆ. "ಹೆಂಗಿತ್ತು ಐಲಿ, ಹಾರ್ನು? ಬೆಳಿಗ್ಗೆಯಿಂದ ಪ್ರವಾಸಿಗಳು ದೊಡ್ಡ ಹಡಗಿನ ಹಾರ್ನ್ ಕೇಳ್ಬೇಕು ಅಂತ ನನ್ನ ಜೀವ ತಿಂತಿದ್ರು. ರೇಡಿಯೋದಲ್ಲಿ ಅವರನ್ನ ಕರೆದು, ನಮ್ಮ ಜನಕ್ಕೆ ಒಂದು ಸಲಾಮು ಹೊಡೀರಪ್ಪ ಅಂದೆ. ಪಾಪ, ಕೇಳಿದ ತಕ್ಷಣ ಹೊಡೆದ್ರು."

ಕೈಯಲ್ಲಿದ್ದ ಕಾಫಿ ಜಗ್ಗನ್ನು ಕೆಳಗಿಟ್ಟೆ. ಅವರಾಗಿಯೇ ಹೊಡೆಯುವುದರಲ್ಲಿದ್ದರೋ ಏನೋ ಎಂದು ಕೇಳಿದೆ. "ಅದು ಹೆಂಗೆ ಗೊತ್ತಾಗುತ್ತೆ? ಸಲಾಮು ಕೇಳಿದ್ರೆ ಈ ಸರೋವರಗಳಲ್ಲಿ ಯಾವ ಹಡಗು ಇಲ್ಲ ಅನ್ನುತ್ತೆ ಹೇಳು. ಇಲ್ಲ ಅಂದ್ರೆ ಮರ್ಯಾದೆ ಇರುತ್ತಾ?" ಎಂದ.

ಇದು ನನಗೆ ಗೊತ್ತಿರಲಿಲ್ಲವೇ? ನಿನ್ನನ್ನು ಕಟ್ಟಿಕೊಂಡು ಕೂದಲು ನರೆತವಳು. ಡೇಲ್ ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ದಡದಲ್ಲಿ ನಿಂತು ಕೈ ಬೀಸಿದರೆ ಸಾಕು, ಯಾವ ಹಡಗಿನವರೂ ಇದೇ ಮೂರು ಉದ್ದ, ಎರಡು ಗಿಡ್ಡ ಹೊಡೆದು ಹೋಗುತ್ತಿದ್ದರು. ಬೇಕರಿಯ ಹುಡುಗಿ ಗಿರಾಕಿಗೆ ನಮಸ್ಕಾರ ಹೇಳಿದಷ್ಟೇ ಅದು. ಬೇರೆ ಯಾವ ಗುರುತನ್ನಾದರೂ ಕೇಳಬಹುದಿತ್ತು, ಕಂಬಕ್ಕೆ ಒಂದು ಕೆಂಪು ಬಟ್ಟೆ ಕಟ್ಟು ಎನ್ನಬಹುದಿತ್ತು. ದಾರಿಹೋಕರಿಗೆಲ್ಲ ಕೊಡುವ ಸಲಾಮನ್ನೇ ನನ್ನ ಬದುಕಿಗೆ ಉತ್ತರ ಮಾಡಿಕೊಂಡು ಕೂತೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ನಿನ್ನೆಯಿಂದ ನನಗೆ ನಿದ್ದೆಯಿಲ್ಲ. ನೀನು ಹೇಳಿ ಹೊಡೆಸಿದೆಯಾ, ಅಥವಾ ನಿನ್ನ ಕ್ಯಾಪ್ಟನ್ ಹೊಡೆಯುವಾಗ ಮುಖ ತಿರುಗಿಸಿಕೊಂಡು ನಿಂತಿದ್ದೆಯಾ? ಬರ್ನಡೆಟ್, "ಬರೋದಾದ್ರೆ ಬರ್ತಾನೆ ಬಿಡು, ಗಂಡಸರು ಹಸಿವಾದಾಗ ಮನೆ ಹುಡುಕ್ತಾರೆ" ಎನ್ನುತ್ತಾಳೆ. ನಿನಗೆ ಹಸಿವೇ ಸತ್ತುಹೋಗಿದೆ ಎಂದು ಅವಳಿಗೇನು ಗೊತ್ತು?

ಇನ್ನು ಹಾರ್ನ್ ಬೇಡ. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಒಂದು ಸಾಲು ಬರೆ. ಡೇಲ್‌ನ ಹೆಸರು ಎತ್ತಬೇಡ ಎಂದರೆ ಎತ್ತುವುದಿಲ್ಲ, ಎತ್ತು ಎಂದರೆ ಇಡೀ ಚಳಿಗಾಲ ಅವನದೇ ಮಾತಾಡೋಣ. ಅವನಿಗಾಗಿ ಅಳುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬೊಬ್ಬರೇ ಅಳುವುದು ನನ್ನಿಂದ ಇನ್ನಾಗುವುದಿಲ್ಲ ವರ್ನನ್. ಬಾ.

ಇನ್ನೂ ನಿನ್ನವಳೇ ಆಗಿರುವ,
ಐಲಿ

ಸಹಿಯ ಕೆಳಗೆ ಬರೆಯುತ್ತಿರುವ ಇದು ಮರೆತದ್ದಲ್ಲ, ಈಗ ತಿಳಿದದ್ದು. ಡೆಟ್ರಾಯಿಟ್ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಅಂಚೆ ದೋಣಿಯ ಕ್ಲೆಮ್ ಬಕೆಟ್ಟಿನಿಂದ ಈ ಕಾಗದ ತೆಗೆದು, ಮೇಲೆ ಬರೆದ ಹೆಸರು ಓದಿ, ತಲೆ ಎತ್ತಿ ಕೂಗಿದ: "ಪ್ರೆಂಟಿಸ್‌ಗಾ ಇದು? ವರ್ನನ್ ಅದರಲ್ಲಿ ಇಲ್ವಲ್ಲಮ್ಮ. ಮೇ ಕೊನೇಲೇ ಇಳಿದುಬಿಟ್ಟ, ನಾನೇ ಇದೇ ದೋಣೀಲಿ ದಡಕ್ಕೆ ಕರ್ಕೊಂಡು ಬಂದೆ. 'ಸಾಕಪ್ಪ, ಹೆಂಡ್ತಿ ಹತ್ರ ಹೋಗ್ತಿದೀನಿ, ನನ್ನ ಕಾಗದ ಬಂದ್ರೆ ಮನೆಗೆ ಕಳಿಸು' ಅಂದ. ಹೋದ ತಿಂಗಳು ಒಂದು ಬಂದಿತ್ತು, ಅದನ್ನೂ ಹ್ಯಾನ್‌ಕಾಕ್‌ಗೇ ಕಳಿಸಿದೀನಿ." ನಾನು ಕಾಗದ ವಾಪಸ್ ಕೊಡು ಎಂದೆ.

ನಾನು ಮೇ ಮೊದಲಲ್ಲೇ ಮನೆಗೆ ಬೀಗ ಹಾಕಿ ಹೊರಟಿದ್ದೆ, ನಾಚಿಕೆಗೆ ಅಕ್ಕಪಕ್ಕದವರಿಗೂ ಹೇಳದೆ. ನೀನು ನಿನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದಾಗ ಒಲೆ ತಣ್ಣಗಿತ್ತು, ನನ್ನ ಬಟ್ಟೆಗಳಿರಲಿಲ್ಲ. ಆಮೇಲೆ ಒಂದು ದಿನ ನನ್ನ ಆ ಕಾಗದ ಬಂತೇ? ಹಾರ್ನ್ ಕೇಳಿಸದಿದ್ದರೆ ಮನೆ ಮಾರುತ್ತೇನೆ ಎಂದು ಓದಿದೆಯಾ? ಹೊಡೆಸಲು ನಿನ್ನ ಹತ್ತಿರ ಹಡಗೆಲ್ಲಿತ್ತು? ಮನೆ ಮಾರುವ ಮಾತು ಸುಳ್ಳು, ತಂಗಿಗೆ ನಾನು ಹೇಳಿಯೂ ಇಲ್ಲ. ನಿನ್ನನ್ನು ಹೆದರಿಸಲು ಬರೆದದ್ದು.

ಇಲ್ಲಿಂದ ಮನೆಗೆ ಫೋನ್ ಮಾಡುತ್ತಲೇ ಇದ್ದೇನೆ, ಯಾರೂ ಎತ್ತುತ್ತಿಲ್ಲ. ನೀನು ಮೀನಿಗೆ ಹೋಗಿರಬಹುದು. ಕ್ಯಾಪ್ಟನ್‌ಗೆ ಹೇಳಿ ಕೆಲಸ ಬಿಟ್ಟು ಬಂದಿದ್ದೇನೆ, ಉತ್ತರದ ಬಸ್ಸು ಇನ್ನೇನು ಹೊರಡುತ್ತದೆ. ಈ ಕಾಗದವನ್ನು ನಮ್ಮ ಮನೆಯ ವಿಳಾಸಕ್ಕೇ ಇಲ್ಲಿಂದ ಅಂಚೆಗೆ ಹಾಕುತ್ತೇನೆ, ದಾರಿಯಲ್ಲಿ ನನಗೆ ತಡವಾದರೆ ಇದಾದರೂ ನಿನ್ನನ್ನು ತಡೆದು ಕೂರಿಸಲಿ. ನೀನು ಆಗಲೇ ಹೊರಟುಹೋಗಿದ್ದರೆ, ಇದನ್ನು ಒಡೆದು ಓದುವವಳು ನಾನೇ.